ಟೀ ನಡೆದು ಬಂದ ದಾರಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಸಂತೋಷದಲ್ಲಿ ಈ ಸ್ಮರಣ ಸಂಚಿಕೆ ಹೊರಬರುತ್ತಿದೆ. ಸಂಘ ಬೆಳೆದು ಬಂದ ಬಗೆಯನ್ನು ಬೇರೆಯವರು ಬರೆಯುತ್ತಾರೆ. ಹಸುವಿನ ಆರೋಗ್ಯ, ಮೇವು, ಹಿಂಡಿ ಇವುಗಳ ವಿಚಾರ ಬರೆಯಲು ತಿಳಿದವರಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ಬೇಸಾಯಕ್ಕೆ ಇಳಿದವನು. ಆದರೂ ಚರಿತ್ರೆ ಪುಸ್ತಕ ಸಿಕ್ಕರೆ ಬಿಡದೆ ಓದುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಆದ್ದರಿಂದ ಒಂದು ಚರಿತ್ರೆಯನ್ನೇ ಬರೆಯೋಣ ಅಂತ ಕೂತೆ.

ನಾವು ಬೆಳಗ್ಗೆ ಸಂಜೆ ಡೇರಿಗೆ ಹಾಕುವ ಹಾಲು ಕೊನೆಗೆ ಎಲ್ಲಿ ಸೇರುತ್ತದೆ? ಮಕ್ಕಳ ಹೊಟ್ಟೆಗೆ ಸೇರುತ್ತದೆ, ಮೊಸರಾಗುತ್ತದೆ, ತುಪ್ಪವಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಹೋಗುವುದು ಕಾಫಿ, ಟೀ ಲೋಟಕ್ಕೆ. ಟೀ ಲೋಟದಲ್ಲಿ ಹಾಲು ನಮ್ಮದು, ಸಕ್ಕರೆ ಕಬ್ಬಿನವರದು. ಆ ಸೊಪ್ಪು ಯಾರದು? ಅದನ್ನು ಬೆಳೆದವರು ಯಾರು, ಕಿತ್ತವರು ಯಾರು, ದುಡ್ಡು ಮಾಡಿಕೊಂಡವರು ಯಾರು? ಇದನ್ನು ಹುಡುಕುತ್ತಾ ಹೋದರೆ ಅರ್ಧ ಜಗತ್ತಿನ ಕಥೆ ಬಿಚ್ಚಿಕೊಳ್ಳುತ್ತದೆ. ಸಹಕಾರಿಗಳಾದ ನಮಗೆ ಅದರಲ್ಲಿ ಕಲಿಯುವುದೂ ಇದೆ.

ಎಲೆಯ ಗುಣ

ಮೊದಲು ಗಿಡದ ವಿಚಾರ. ಹಸಿರು ಟೀ, ಕಪ್ಪು ಟೀ, ಬಿಳಿ ಟೀ ಎಂದೆಲ್ಲ ಅಂಗಡಿಯಲ್ಲಿ ಕೇಳುತ್ತೇವೆ. ಇವೆಲ್ಲ ಬೇರೆ ಬೇರೆ ಗಿಡದವು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ, ಎಲ್ಲವೂ ಒಂದೇ ಜಾತಿಯ ಗಿಡದ ಎಲೆ. ಚೀನಾದ ತಳಿಗೆ ಸಣ್ಣ ಎಲೆ, ಅಸ್ಸಾಮಿನ ತಳಿಗೆ ದೊಡ್ಡ ಎಲೆ, ಅಷ್ಟೇ ವ್ಯತ್ಯಾಸ. ಬಿಟ್ಟರೆ ಮರವಾಗಿ ಬೆಳೆಯುವ ಈ ಗಿಡವನ್ನು ಸವರಿ ಸವರಿ ಸೊಂಟದ ಎತ್ತರಕ್ಕೆ ನಿಲ್ಲಿಸುತ್ತಾರೆ. ಚಿಗುರಿನ ತುದಿಯಲ್ಲಿ ಎರಡು ಎಲೆ, ಒಂದು ಮೊಗ್ಗು, ಇಷ್ಟನ್ನೇ ಕೀಳಬೇಕು.

ಕಿತ್ತ ಎಲೆಯನ್ನು ಕೂಡಲೇ ಬಿಸಿ ತೋರಿಸಿ ಬಾಡದ ಹಾಗೆ ತಡೆದರೆ ಹಸಿರು ಟೀ. ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟು, ಅದು ತಾಮ್ರದ ಬಣ್ಣಕ್ಕೆ ತಿರುಗಿದ ಮೇಲೆ ಒಣಗಿಸಿದರೆ ಕಪ್ಪು ಟೀ, ಅಂದರೆ ನಮ್ಮ ಮನೆಯ ಟೀಪುಡಿ. ಕುಯ್ದ ಸೇಬು ಸ್ವಲ್ಪ ಹೊತ್ತಿಗೆ ಕೆಂಪಗಾಗುತ್ತದಲ್ಲ, ಅದೇ ರೀತಿಯ ಕ್ರಿಯೆ. ಹೆಚ್ಚುಕಡಿಮೆ ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಟೀಪುಡಿ ಬರುತ್ತದೆ.

ಇಲ್ಲಿ ಒಂದು ಮಾತನ್ನು ಸದಸ್ಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರಾಗಿಯನ್ನು ಕಣಜದಲ್ಲಿ ತುಂಬಿಟ್ಟು ಬೆಲೆ ಬಂದಾಗ ಮಾರಬಹುದು. ಟೀ ಎಲೆಯನ್ನು ಹಾಗೆ ಇಡುವಂತಿಲ್ಲ. ಕಿತ್ತ ಕೆಲವೇ ಗಂಟೆಯೊಳಗೆ ಕಾರ್ಖಾನೆಗೆ ಸೇರದಿದ್ದರೆ ಮೂಟೆಯೊಳಗೇ ಬಿಸಿಯಾಗಿ ಕೆಟ್ಟುಹೋಗುತ್ತದೆ. ಹಾಲಿನ ಗುಣವೂ ಇದೇ ತಾನೆ. ಕಾಯದ ಬೆಳೆಯನ್ನು ಬೆಳೆಯುವವನು ಕೊಳ್ಳುವವನ ಮರ್ಜಿಗೆ ಸಿಕ್ಕಿಬೀಳುತ್ತಾನೆ. ಮುಂದಿನ ಕಥೆಯೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ.

ಚೀನಾದಲ್ಲಿ ಹುಟ್ಟು

ಸೊಪ್ಪಿನ ತವರು ಚೀನಾದ ನೈಋತ್ಯ ಭಾಗ ಮತ್ತು ಅದಕ್ಕೆ ಹೊಂದಿಕೊಂಡ ಬರ್ಮಾ, ಅಸ್ಸಾಮಿನ ಬೆಟ್ಟಗಾಡು. ಶೆನ್ ನಾಂಗ್ ಎಂಬ ಪುರಾಣದ ರಾಜ ಮರದ ಕೆಳಗೆ ನೀರು ಕಾಯಿಸುತ್ತಿದ್ದಾಗ ಎಲೆ ಉದುರಿ ಬಿದ್ದು ಟೀ ಆಯಿತು ಅಂತ ಚೀನೀಯರು ಕಥೆ ಹೇಳುತ್ತಾರೆ. ಅದು ಕಥೆ. ಚರಿತ್ರೆಯಲ್ಲಿ ಗಟ್ಟಿಯಾಗಿ ಸಿಗುವವನು 8ನೇ ಶತಮಾನದ ಲು ಯು. ಟೀ ಬೆಳೆಯುವುದು, ಮಾಡುವುದು, ಕುಡಿಯುವುದು ಇವುಗಳನ್ನೆಲ್ಲ ಸೇರಿಸಿ ಒಂದು ಶಾಸ್ತ್ರಗ್ರಂಥವನ್ನೇ ಬರೆದ. ಯಾವ ನೀರು ಒಳ್ಳೆಯದು, ನೀರು ಎಷ್ಟು ಕುದಿಯಬೇಕು ಎಂಬುದೆಲ್ಲ ಅದರಲ್ಲಿದೆ.

ಆಗಿನ ಟೀ ಈಗಿನಂತೆ ಇರಲಿಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬೆಲ್ಲದ ಅಚ್ಚಿನ ಹಾಗೆ ಅಚ್ಚು ಹಾಕಿ ಒಣಗಿಸುತ್ತಿದ್ದರು. ಬೇಕಾದಾಗ ಮುರಿದು ಪುಡಿ ಮಾಡಿ, ಉಪ್ಪು ಹಾಕಿ ಕುದಿಸುತ್ತಿದ್ದರು. ಆಮೇಲೆ ನುಣ್ಣನೆ ಪುಡಿಯನ್ನು ಬಿಸಿನೀರಿಗೆ ಹಾಕಿ ಬಿದಿರಿನ ಕಡ್ಡಿಗಳಿಂದ ನೊರೆ ಬರುವಂತೆ ಕಡೆಯುವ ಪದ್ಧತಿ ಬಂತು. ಅರಮನೆಗೆ ಕಪ್ಪವಾಗಿ ಹೋಗುವ ಅಚ್ಚುಗಳ ಮೇಲೆ ಚಿತ್ತಾರ ಬಿಡಿಸಬೇಕಿತ್ತು. ಇದನ್ನೆಲ್ಲ ಮಾಡುವ ರೈತರ ಗತಿ ಏನಾಗಿರಬೇಕು ಯೋಚಿಸಿ.

1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹಾಂಗ್ವು ಒಂದು ಆಜ್ಞೆ ಹೊರಡಿಸಿದ. ಅಚ್ಚಿನ ಟೀ ಮಾಡುವುದು ಜನಕ್ಕೆ ಭಾರವಾಗಿದೆ, ಇನ್ನು ಮೇಲೆ ಕಪ್ಪವಾಗಿ ಬಿಡಿ ಎಲೆಯನ್ನೇ ಕಳುಹಿಸಿದರೆ ಸಾಕು ಅಂತ. ಈ ಚಕ್ರವರ್ತಿ ಬಡ ರೈತನ ಮನೆಯಲ್ಲಿ ಹುಟ್ಟಿ, ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಮೇಲೆ ಬಂದವನು. ಹೊಲದ ಕಷ್ಟ ಗೊತ್ತಿದ್ದವನು ಗದ್ದುಗೆಯ ಮೇಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ಇಂದು ಜಗತ್ತೆಲ್ಲ ಎಲೆಯನ್ನು ಬಿಸಿನೀರಿಗೆ ಹಾಕಿ ಸೋಸಿ ಕುಡಿಯುವ ರೀತಿ ಬಲಗೊಂಡದ್ದು ಆ ಆಜ್ಞೆಯ ನಂತರವೇ.

ಜಪಾನಿನವರು ಹಳೆಯ ಕಡೆಯುವ ಪದ್ಧತಿಯನ್ನು ಬಿಡಲಿಲ್ಲ. 1191ರಲ್ಲಿ ಐಸಾಯ್ ಎಂಬ ಬೌದ್ಧ ಭಿಕ್ಷು ಚೀನಾದಿಂದ ಬೀಜ ತಂದ. ಧ್ಯಾನಕ್ಕೆ ಕೂತಾಗ ನಿದ್ದೆ ಬಾರದಿರಲಿ ಅಂತ ಮಠಗಳಲ್ಲಿ ಟೀ ಬಳಕೆಗೆ ಬಂತು. 16ನೇ ಶತಮಾನದಲ್ಲಿ ಸೆನ್ ನೋ ರಿಕ್ಯು ಎಂಬಾತ ಅದನ್ನು ಒಂದು ವ್ರತದ ಹಾಗೆ ಮಾಡಿದ. ಟೀ ಕೋಣೆಯ ಬಾಗಿಲು ಎಷ್ಟು ಚಿಕ್ಕದೆಂದರೆ ಎಂಥ ದೊಡ್ಡ ಮನುಷ್ಯನೂ ಕತ್ತಿ ಹೊರಗಿಟ್ಟು, ತಲೆ ಬಗ್ಗಿಸಿ, ಮಂಡಿಯೂರಿ ಒಳಗೆ ಬರಬೇಕು.

ಟಿಬೆಟ್ಟಿಗೆ ಟೀ ಹೋದದ್ದು ಕುದುರೆಯ ಬದಲಿಗೆ. ಚೀನಾದ ಸೈನ್ಯಕ್ಕೆ ಕುದುರೆ ಬೇಕಿತ್ತು, ತರಕಾರಿ ಬೆಳೆಯದ ಟಿಬೆಟ್ಟಿನ ಚಳಿಗೆ ಟೀ ಬೇಕಿತ್ತು. ಇಟ್ಟಿಗೆಯಂತೆ ಒತ್ತಿದ ಟೀಯನ್ನು ಕೂಲಿಗಳು ಬೆನ್ನ ಮೇಲೆ ಹೊತ್ತು ಹಿಮದ ಕಣಿವೆಗಳನ್ನು ದಾಟುತ್ತಿದ್ದರು. ಟಿಬೆಟ್ಟಿನವರು ಆ ಟೀಯನ್ನು ಚೆನ್ನಾಗಿ ಕುದಿಸಿ, ಬೆಣ್ಣೆ ಮತ್ತು ಉಪ್ಪು ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ನಾವು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಾರೆ. ಇದನ್ನು ನೋಡಲು ಲಾಸಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೈಲುಕುಪ್ಪೆ, ಮುಂಡಗೋಡು ಕ್ಯಾಂಪುಗಳಲ್ಲಿ ಈ ಬೆಣ್ಣೆ ಟೀ ಸಿಗುತ್ತದೆ. ಮೊದಲ ಗುಟುಕಿಗೆ ಸಾರು ಕುಡಿದ ಹಾಗೆ ಅನ್ನಿಸುತ್ತದೆ ಅಂತ ಕುಡಿದವರು ಹೇಳುತ್ತಾರೆ.

ಹೆಸರಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚೀನಾದ ಹೆಚ್ಚಿನ ಭಾಗದಲ್ಲಿ ಇದಕ್ಕೆ ‘ಚಾ’ ಅನ್ನುತ್ತಾರೆ. ದಕ್ಷಿಣ ಕರಾವಳಿಯ ಫೂಜಿಯನ್ ಕಡೆಯ ಮಾತಿನಲ್ಲಿ ‘ಟೆ’. ಭೂಮಿಯ ಮೇಲೆ ಒಂಟೆ ಕುದುರೆಗಳಲ್ಲಿ ಸರಕು ಹೋದ ದೇಶಗಳಲ್ಲಿ ಚಾ, ಚಾಯ್, ಚಹಾ ಆಯಿತು. ಫೂಜಿಯನ್ ಕಡೆಯ ವ್ಯಾಪಾರಿಗಳಿಂದ ಡಚ್ಚರು ಹಡಗಿನಲ್ಲಿ ತಂದ ಕಡೆ ಟೀ ಆಯಿತು. ಪೋರ್ಚುಗೀಸರು ಮಾತ್ರ ಮಕಾವಿನಲ್ಲಿ ವ್ಯಾಪಾರ ಮಾಡಿದ್ದರಿಂದ ಸಮುದ್ರದ ಮೇಲೆ ಬಂದರೂ ‘ಚಾ’ ಅಂದರು. ನಮ್ಮ ಕನ್ನಡದಲ್ಲಿ ಎರಡೂ ಇವೆ. ಹುಬ್ಬಳ್ಳಿ ಧಾರವಾಡದವರು ಚಹಾ ಅನ್ನುತ್ತಾರೆ, ಮಂಗಳೂರಿನವರು ಚಾ ಅನ್ನುತ್ತಾರೆ, ನಾವು ಇಂಗ್ಲಿಷರಿಂದ ಕಲಿತು ಟೀ ಅನ್ನುತ್ತೇವೆ.

ಇಂಗ್ಲೆಂಡಿನ ಬಾಯಾರಿಕೆ, ಬಿಹಾರದ ರೈತ

1610ರ ಸುಮಾರಿಗೆ ಡಚ್ಚರು ಯುರೋಪಿಗೆ ಟೀ ಒಯ್ದರು. 1662ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯನ್ನು ಮದುವೆಯಾಗಿ ಬಂದಳು. ಆಕೆಗೆ ಟೀ ಅಭ್ಯಾಸವಿತ್ತು. ರಾಣಿ ಕುಡಿದದ್ದನ್ನು ದೊಡ್ಡಮನೆಯವರು ಕುಡಿದರು, ಅವರನ್ನು ನೋಡಿ ಊರೆಲ್ಲ ಕುಡಿಯಿತು. ಸರ್ಕಾರ ಸುಂಕ ಏರಿಸುತ್ತಾ ಹೋಗಿ ಸರಕಿನ ಬೆಲೆಗಿಂತ ಸುಂಕವೇ ಹೆಚ್ಚಾಯಿತು. ಕಳ್ಳಸಾಗಣೆ ಜೋರಾಯಿತು. ಒಮ್ಮೆ ಕುದಿಸಿದ ಸೊಪ್ಪನ್ನೇ ಒಣಗಿಸಿ ಬಣ್ಣ ಹಾಕಿ ಮತ್ತೆ ಮಾರುವುದು, ಬೇಲಿ ಸೊಪ್ಪು ಬೆರೆಸುವುದು ಎಲ್ಲಾ ನಡೆಯಿತು. 1784ರಲ್ಲಿ ಸುಂಕವನ್ನು ಶೇಕಡ 119ರಿಂದ ಹನ್ನೆರಡೂವರೆಗೆ ಇಳಿಸಿದ ಮೇಲೆ ಕಳ್ಳಸಾಗಣೆ ನಿಂತಿತು. ಇದಕ್ಕೆ ಮುಂಚೆಯೇ, 1773ರ ಡಿಸೆಂಬರ್ 16ರ ರಾತ್ರಿ, ಅಮೆರಿಕದ ಬೋಸ್ಟನ್ ಬಂದರಿನಲ್ಲಿ ತೆರಿಗೆ ಒಪ್ಪದ ಜನ 342 ಪೆಟ್ಟಿಗೆ ಟೀಯನ್ನು ಸಮುದ್ರಕ್ಕೆ ಸುರಿದಿದ್ದರು. ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಅದೊಂದು ಕಾರಣವಾಯಿತು.

ಆಗ ಟೀ ಸಿಗುತ್ತಿದ್ದದ್ದು ಚೀನಾದಲ್ಲಿ ಮಾತ್ರ. ಚೀನೀಯರಿಗೆ ಇಂಗ್ಲೆಂಡಿನ ಸರಕು ಹೆಚ್ಚೇನೂ ಬೇಕಿರಲಿಲ್ಲ, ಬೆಳ್ಳಿ ಕೊಟ್ಟರೆ ಮಾತ್ರ ಟೀ. ಈಸ್ಟ್ ಇಂಡಿಯಾ ಕಂಪನಿ ಇದಕ್ಕೆ ಕಂಡುಕೊಂಡ ಉಪಾಯ ಅಫೀಮು. ಬಿಹಾರ ಮತ್ತು ಬನಾರಸ್ ಕಡೆಯ ರೈತರಿಗೆ ಮುಂಗಡ ಕೊಟ್ಟು ಗಸಗಸೆ ಗಿಡ ಬೆಳೆಸಿದರು. ಬೆಳೆದದ್ದನ್ನು ಕಂಪನಿಗೇ ಕೊಡಬೇಕು, ಕಂಪನಿ ಹೇಳಿದ ಬೆಲೆಗೇ ಕೊಡಬೇಕು. ಮುಂಗಡ ತೀರದೆ ಮತ್ತೆ ಮುಂಗಡ. ಆ ಅಫೀಮು ಕಲ್ಕತ್ತೆಯಲ್ಲಿ ಹರಾಜಾಗಿ, ವ್ಯಾಪಾರಿಗಳ ಹಡಗಿನಲ್ಲಿ ಕಳ್ಳದಾರಿಯಿಂದ ಚೀನಾಕ್ಕೆ ಹೋಗಿ, ಅಲ್ಲಿಂದ ಬಂದ ಬೆಳ್ಳಿಯಲ್ಲಿ ಟೀ ಕೊಳ್ಳುತ್ತಿದ್ದರು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹಿಡಿದು ನಾಶ ಮಾಡಿಸಿದ. ಅದಕ್ಕೆ ಇಂಗ್ಲೆಂಡ್ ಯುದ್ಧ ಹೂಡಿತು. 1842ರಲ್ಲಿ ಚೀನಾ ಸೋತು ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿತು. ಲಂಡನ್ನಿನ ಲೋಟಕ್ಕೆ ಟೀ ಬೀಳಬೇಕಾದರೆ ಬಿಹಾರದ ರೈತ ಸಾಲಗಾರನಾಗಬೇಕಿತ್ತು, ಚೀನಾದ ಬಡವ ಅಫೀಮುಗಾರನಾಗಬೇಕಿತ್ತು.

ಅಸ್ಸಾಮು

ಚೀನಾವನ್ನೇ ನಂಬಿಕೊಂಡರೆ ಆಗುವುದಿಲ್ಲ ಎಂದು ಕಂಪನಿ ಬೇರೆ ಕಡೆ ನೋಡಿತು. ಅಸ್ಸಾಮಿನ ಕಾಡಿನಲ್ಲಿ ಸಿಂಗ್‌ಫೋ ಜನ ತಲೆತಲಾಂತರದಿಂದ ಈ ಸೊಪ್ಪನ್ನು ಹುರಿದು, ಬಿದಿರಿನ ಬೊಂಬಿನಲ್ಲಿ ಗಿಡಿದು, ಒಲೆಯ ಹೊಗೆಗೆ ಕಟ್ಟಿ ಇಟ್ಟುಕೊಂಡು ಕುಡಿಯುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿಗೆ ಸಿಂಗ್‌ಫೋ ಮುಖಂಡ ಬಿಸಾ ಗಾಮ್‌ನ ಮೂಲಕ ಆ ಗಿಡ ಸಿಕ್ಕಿತು. ಬ್ರೂಸನಿಗೆ ಈ ಸುಳಿವು ಕೊಟ್ಟವನು ಮಣಿರಾಮ್ ದಿವಾನ್ ಎಂಬ ಅಸ್ಸಾಮಿ ಎಂದು ಹೇಳುತ್ತಾರೆ. 1839ರ ಜನವರಿಯಲ್ಲಿ ಲಂಡನ್ನಿನಲ್ಲಿ ಅಸ್ಸಾಮ್ ಟೀಯ ಮೊದಲ 8 ಪೆಟ್ಟಿಗೆ ಹರಾಜಾದವು. ಅದೇ ವರ್ಷ ಅಸ್ಸಾಮ್ ಕಂಪನಿ ಹುಟ್ಟಿತು.

ಈ ಮಣಿರಾಮ್ ದಿವಾನರ ಹೆಸರನ್ನು ನಮ್ಮ ಮಕ್ಕಳು ತಿಳಿಯಬೇಕು. ಅವರು ಅಸ್ಸಾಮ್ ಕಂಪನಿಯಲ್ಲಿ ದಿವಾನರಾಗಿದ್ದು, ಅದನ್ನು ಬಿಟ್ಟು ಜೋರಹಾಟ್ ಹತ್ತಿರ ಸ್ವಂತ ತೋಟ ಹಾಕಿದರು. ವ್ಯಾಪಾರಕ್ಕಾಗಿ ಟೀ ಬೆಳೆದ ಮೊದಲ ಭಾರತೀಯರು ಅವರೇ. 1857ರ ದಂಗೆಯ ಹೊತ್ತಿನಲ್ಲಿ ಅಸ್ಸಾಮಿನ ಹಳೆಯ ರಾಜಮನೆತನವನ್ನು ಮತ್ತೆ ಕೂರಿಸಲು ಸಂಚು ಮಾಡಿದರೆಂದು ಹಿಡಿದು, 1858ರ ಫೆಬ್ರವರಿ 26ರಂದು ಬ್ರಿಟಿಷರು ಅವರನ್ನು ಗಲ್ಲಿಗೇರಿಸಿದರು. ಅವರ ತೋಟಗಳನ್ನು ಹರಾಜು ಹಾಕಿದರು.

ಆಮೇಲೆ ಅಸ್ಸಾಮಿನ ಕಾಡು ಕಡಿದು ಎಸ್ಟೇಟುಗಳೆದ್ದವು. ಕೆಲಸಕ್ಕೆ ಛೋಟಾ ನಾಗಪುರ, ಒರಿಸ್ಸಾ, ಆಂಧ್ರ ಕಡೆಯ ಬಡವರನ್ನು, ಆದಿವಾಸಿಗಳನ್ನು ಏಜೆಂಟರು ಆಸೆ ತೋರಿಸಿ ಕರೆತಂದರು. 1863ರಿಂದ 1866ರ ಒಳಗೆ ಬಂದ ಸುಮಾರು 85 ಸಾವಿರ ಜನರಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು ಇಲ್ಲವೆ ಕಾಣೆಯಾಗಿದ್ದರು. ತೋಟದಿಂದ ಓಡಿಹೋದ ಆಳನ್ನು ವಾರಂಟ್ ಇಲ್ಲದೆ ಮಾಲೀಕನೇ ಹಿಡಿಯಬಹುದೆಂದು 1865ರಲ್ಲಿ ಕಾಯ್ದೆಯೇ ಆಯಿತು. ಅದು ಹೋಗಲು 1908 ಬರಬೇಕಾಯಿತು. 1921ರಲ್ಲಿ ಚರ್ಗೋಲಾ ಕಣಿವೆಯ ಸಾವಿರಾರು ಕೂಲಿಗಳು ‘ನಮ್ಮ ಊರಿಗೆ ಹೋಗೋಣ’ ಅಂತ ಒಟ್ಟಿಗೇ ತೋಟ ಬಿಟ್ಟು ಹೊರಟರು. ಚಾಂದಪುರದ ರೈಲು ನಿಲ್ದಾಣದಲ್ಲಿ ಅವರ ಮೇಲೆ ಗೂರ್ಖಾ ಪಡೆಯನ್ನು ಬಿಟ್ಟು ಹೊಡೆಸಿದರು.

ಸಿಲೋನು: ಕಾಫಿ ಹೋಗಿ ಟೀ ಬಂತು

ಸಿಲೋನ್ ಅಂದರೆ ಈಗಿನ ಶ್ರೀಲಂಕಾ ಮೊದಲು ಕಾಫಿಯ ನಾಡು. 1869ರಲ್ಲಿ ಅಲ್ಲಿ ಕಾಫಿಗೆ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ನಮ್ಮ ಕೊಡಗು, ಚಿಕ್ಕಮಗಳೂರಿನವರಿಗೆ ಈ ರೋಗದ ಪರಿಚಯ ಚೆನ್ನಾಗಿದೆ. ಹತ್ತಿಪ್ಪತ್ತು ವರ್ಷದಲ್ಲಿ ಸಿಲೋನಿನ ಕಾಫಿ ನೆಲಕಚ್ಚಿತು. ಅದಕ್ಕೆ ಎರಡು ವರ್ಷ ಮುಂಚೆ, 1867ರಲ್ಲಿ, ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲೆಕಂದೆರ ತೋಟದಲ್ಲಿ 19 ಎಕರೆಗೆ ಟೀ ಹಾಕಿ, ಮನೆಯ ಜಗಲಿಯಲ್ಲೇ ಎಲೆ ಹೊಸಕಿ ನೋಡುತ್ತಿದ್ದ. ಕಾಫಿ ಕಳೆದುಕೊಂಡವರೆಲ್ಲ ಅವನ ದಾರಿ ಹಿಡಿದರು. 1890ರಲ್ಲಿ ಥಾಮಸ್ ಲಿಪ್ಟನ್ ಎಂಬ ಸ್ಕಾಟ್ಲೆಂಡಿನ ದಿನಸಿ ವ್ಯಾಪಾರಿ ಅಲ್ಲಿ ತೋಟಗಳನ್ನು ಕೊಂಡು, ಮಧ್ಯದವರಿಲ್ಲದೆ ಪೊಟ್ಟಣ ಕಟ್ಟಿ ತನ್ನ ಅಂಗಡಿಗಳಲ್ಲೇ ಮಾರಿ ಹೆಸರು ಮಾಡಿದ.

ಎಲೆ ಕಿತ್ತವರು ತಮಿಳುನಾಡಿನಿಂದ ಹೋದ ಬಡ ಕುಟುಂಬಗಳು. ತಲೆಮಾರುಗಟ್ಟಲೆ ದುಡಿದರೂ 1948ರಲ್ಲಿ ಸ್ವತಂತ್ರ ಸಿಲೋನು ಅವರಲ್ಲಿ ಹೆಚ್ಚಿನವರಿಗೆ ಪೌರತ್ವ ಕೊಡಲಿಲ್ಲ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡು, 5 ಲಕ್ಷ 25 ಸಾವಿರ ಜನರನ್ನು ಭಾರತಕ್ಕೆ ಕರೆಸಿಕೊಳ್ಳುವುದೆಂದು ನಿಶ್ಚಯಿಸಿದರು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ನಮ್ಮ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಟೀ ಚರಿತ್ರೆಯ ಒಂದು ಕೊನೆ ನಮ್ಮ ದಕ್ಷಿಣ ಕನ್ನಡದಲ್ಲೇ ಬಂದು ನಿಂತಿದೆ.

ಇನ್ನೊಂದು ಸಂಗತಿ ಸಹಕಾರಿಗಳು ಗಮನಿಸಬೇಕಾದ್ದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 28 ಜನ ಕೆಲಸಗಾರರು ಕೂಡಿ ಸಹಕಾರಿ ಅಂಗಡಿ ತೆರೆದ ಕಥೆಯನ್ನು ಸಹಕಾರ ತರಬೇತಿಗೆ ಹೋದವರೆಲ್ಲ ಕೇಳಿದ್ದೇವೆ. ಅವರು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿ ಇಟ್ಟುಕೊಂಡು ಶುರು ಮಾಡಿ, ಕೆಲವೇ ತಿಂಗಳಲ್ಲಿ ಟೀ ಮಾರಲೂ ಹೊರಟರು. ಕಲಬೆರಕೆ ಇಲ್ಲದ ಟೀ, ಸರಿಯಾದ ತೂಕ. ಆ ಚಳವಳಿ ಬೆಳೆದು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸಹಕಾರಿ ಸಗಟು ಸಂಘಗಳು 1902ರಲ್ಲಿ ಸಿಲೋನಿನಲ್ಲಿ ಸ್ವಂತ ಟೀ ತೋಟಗಳನ್ನೇ ಕೊಂಡವು. ಕುಡಿಯುವವರ ಸಹಕಾರ ಅಷ್ಟು ದೊಡ್ಡದಾಗಿ ಬೆಳೆಯಿತು. ಆದರೆ ಆ ತೋಟಗಳಲ್ಲಿ ಎಲೆ ಕೀಳುತ್ತಿದ್ದ ಹೆಂಗಸರು ಸಂಘದ ಸದಸ್ಯರಾಗಿರಲಿಲ್ಲ. ಅವರು ಕೂಲಿಗಳಾಗಿಯೇ ಉಳಿದರು. ಕುಡಿಯುವವರಿಗೆ ನ್ಯಾಯ ಸಿಕ್ಕಿತು, ಬೆಳೆಯುವವರ ಸರದಿ ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು.

ಯಾರು ಹೇಗೆ ಕುಡಿಯುತ್ತಾರೆ

ಅದನ್ನು ಹೇಳುವ ಮುಂಚೆ, ಬೇರೆ ಬೇರೆ ದೇಶದವರು ಟೀ ಮಾಡುವ ರೀತಿಯನ್ನು ತಾಯಂದಿರಿಗಾಗಿ ಸ್ವಲ್ಪ ಬರೆಯುತ್ತೇನೆ.

ರಷ್ಯಾಕ್ಕೆ ಟೀ ಹೋದದ್ದು ಚೀನಾ ಗಡಿಯ ಕ್ಯಾಖ್ತಾ ಊರಿನಿಂದ ಒಂಟೆಗಳ ಮೇಲೆ. ಅಲ್ಲಿ ಸಮೋವರ್ ಎಂಬ ಹಿತ್ತಾಳೆ ಹಂಡೆ ಇರುತ್ತದೆ. ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತ ನೀರು, ಕೆಳಗೆ ನಲ್ಲಿ. ನಮ್ಮ ಹಳೆಯ ತಾಮ್ರದ ಬಾಯ್ಲರ್ ಇದ್ದ ಹಾಗೇ. ಮೇಲೆ ಸಣ್ಣ ಪಾತ್ರೆಯಲ್ಲಿ ಗಟ್ಟಿ ಡಿಕಾಕ್ಷನ್ ಕೂತಿರುತ್ತದೆ. ಅದನ್ನು ಸ್ವಲ್ಪ ಬಗ್ಗಿಸಿಕೊಂಡು ಬಿಸಿನೀರು ಬೆರೆಸಿಕೊಳ್ಳುತ್ತಾರೆ. ಸಕ್ಕರೆ ಗಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಟೀ ಹೀರುವವರೂ ಇದ್ದರು. ನಮ್ಮಲ್ಲಿ ಹಿಂದಿನವರು ಬೆಲ್ಲ ಕಚ್ಚಿಕೊಂಡು ಕಾಫಿ ಕುಡಿದ ಹಾಗೆ.

ತುರ್ಕಿಯಲ್ಲಿ ಒಂದರ ಮೇಲೊಂದು ಎರಡು ಪಾತ್ರೆ. ಕೆಳಗೆ ನೀರು, ಮೇಲೆ ಸೊಪ್ಪು. ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದೆ ಕುಡಿಯುತ್ತಾರೆ. ತಲಾ ಲೆಕ್ಕದಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಟೀ ಬಳಸುವವರು ಅವರು. ಅಲ್ಲಿನ ರಿಜೆ ಎಂಬ ಕರಾವಳಿ ಸೀಮೆಯಲ್ಲಿ 1947ರಲ್ಲಿ ಮೊದಲ ದೊಡ್ಡ ಕಾರ್ಖಾನೆ ಬಂತು. ದೊಡ್ಡ ಎಸ್ಟೇಟುಗಳಿಗಿಂತ ಸಣ್ಣ ರೈತರ ತೋಟಗಳೇ ಅಲ್ಲಿ ಹೆಚ್ಚು.

ಮೊರಾಕ್ಕೋ ದೇಶದಲ್ಲಿ ಚೀನಾದ ಹಸಿರು ಟೀಗೆ ಪುದೀನ ಸೊಪ್ಪು, ಕೈತುಂಬ ಸಕ್ಕರೆ ಹಾಕಿ, ಮೇಲಿನಿಂದ ನೊರೆ ಬರುವಂತೆ ಎತ್ತಿ ಹೊಯ್ಯುತ್ತಾರೆ. ಬಂದ ನೆಂಟರಿಗೆ ಮೂರು ಲೋಟ ಕೊಡುವುದು ಮರ್ಯಾದೆ. ಕಾಶ್ಮೀರದವರು ಹಸಿರು ಎಲೆಗೆ ಅಡುಗೆ ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಹಾಲು ಉಪ್ಪು ಸೇರಿಸಿ, ಗುಲಾಬಿ ಬಣ್ಣದ ಉಪ್ಪು ಟೀ ಮಾಡುತ್ತಾರೆ. ಇಂಗ್ಲಿಷರು ಕುದಿಯುವ ನೀರನ್ನು ಎಲೆಯ ಮೇಲೆ ಹೊಯ್ದು, ಮುಚ್ಚಿಟ್ಟು, ಬಟ್ಟಲಲ್ಲಿ ಹಾಲು ಸೇರಿಸಿಕೊಳ್ಳುತ್ತಾರೆ.

ನಮ್ಮ ದೇಶದ ಕಥೆಯೇ ವಿಚಿತ್ರ. ಟೀ ಬೆಳೆದು ಹಡಗು ತುಂಬಿಸಿದ ನಮ್ಮ ಜನ ನೂರು ವರ್ಷದ ಹಿಂದೆ ಅದನ್ನು ಹೆಚ್ಚಾಗಿ ಕುಡಿಯುತ್ತಲೇ ಇರಲಿಲ್ಲ. 1903ರಲ್ಲಿ ಸರ್ಕಾರ ಟೀ ರಫ್ತಿನ ಮೇಲೆ ಸೆಸ್ ಹಾಕಿ, ಆ ಹಣದಲ್ಲಿ ಪ್ರಚಾರ ಶುರು ಮಾಡಿತು. 1930ರ ಸುಮಾರಿಗೆ ಹೊರದೇಶದಲ್ಲಿ ಬೆಲೆ ಬಿದ್ದಾಗ ಪ್ರಚಾರ ಇನ್ನೂ ಜೋರಾಯಿತು. ರೈಲು ನಿಲ್ದಾಣ, ಸಂತೆ, ಜಾತ್ರೆಗಳಲ್ಲಿ ಟೀ ಮಾಡಿ ತೋರಿಸಿ ಹಂಚಿದರು. ಗಾಂಧೀಜಿಯವರು ಟೀ ಬೇಡವೆಂದೇ ಹೇಳುತ್ತಿದ್ದರು. ಆದರೂ ಚಟ ಹತ್ತಿತು. ಕಂಪನಿಯವರು ಇಂಗ್ಲಿಷರ ರೀತಿ ಮಾಡಿ ಎಂದು ಕಲಿಸಿದರೆ, ನಮ್ಮವರು ಸೊಪ್ಪು ಕಡಿಮೆ, ಹಾಲು ಹೆಚ್ಚು, ಶುಂಠಿ ಏಲಕ್ಕಿ ಜಜ್ಜಿ ಹಾಕಿ ಕುದಿಸಿ ತಮ್ಮದೇ ಟೀ ಮಾಡಿಕೊಂಡರು. ಆಮೇಲೆ ಎಲೆಯನ್ನು ಹಲ್ಲಿನ ರೋಲರುಗಳಲ್ಲಿ ಕತ್ತರಿಸಿ ಕಾಳು ಮಾಡುವ ಸಿ.ಟಿ.ಸಿ. ಯಂತ್ರ ಬಂತು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿದ ಈ ಯಂತ್ರದಿಂದ ಚಿಟಿಕೆ ಪುಡಿಗೆ ಕಡುಬಣ್ಣ ಬರುವಂತಾಗಿ ಬಡವರ ಮನೆಗೂ ಟೀ ಬಂತು. ಇಂದು ಟೀ ಬೆಳೆಯುವುದರಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ನಾವು ವರ್ಷಕ್ಕೆ 130 ಕೋಟಿ ಕಿಲೋಗೂ ಹೆಚ್ಚು ಬೆಳೆದು, ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ನಾವೇ ಕುಡಿಯುತ್ತೇವೆ. ಹಾಲು ಹಾಕಿ ಕುದಿಸುವ ಈ ಅಭ್ಯಾಸ ಹೈನುಗಾರರಾದ ನಮಗೆ ಅನುಕೂಲವೇ ಆಯಿತು.

ನಮ್ಮ ರಾಜ್ಯದಲ್ಲಿ ಟೀ ತೋಟ ಕಡಿಮೆ. ಚಿಕ್ಕಮಗಳೂರಿನ ಕೆಳಗೂರು ಮತ್ತು ದಕ್ಷಿಣ ಕೊಡಗಿನಲ್ಲಿ ಸ್ವಲ್ಪ ಇದೆ.

ಕೀನ್ಯಾದ ರೈತರು

ಈಗ ಬೆಳೆಯುವವರ ಸರದಿ. ಆಫ್ರಿಕಾದ ಕೀನ್ಯಾದಲ್ಲಿ ಬ್ರಿಟಿಷರ ಕಾಲದಲ್ಲಿ ಟೀ ಅಂದರೆ ಬಿಳಿಯರ ಎಸ್ಟೇಟು. ಕರಿಯ ರೈತ ತನ್ನ ಹೊಲದಲ್ಲಿ ಟೀ ಗಿಡ ಹಾಕಲು ಬಿಡುತ್ತಿರಲಿಲ್ಲ. ಸಣ್ಣ ರೈತನ ಕೈಲಿ ಒಳ್ಳೆಯ ಟೀ ಆಗುವುದಿಲ್ಲ, ಅದಕ್ಕೆ ನೂರಾರು ಎಕರೆ, ಸ್ವಂತ ಕಾರ್ಖಾನೆ ಬೇಕು ಎಂಬುದು ವಾದ. ಜನ ದಂಗೆಯೆದ್ದ ಮೇಲೆ 1954ರಲ್ಲಿ ಸರ್ಕಾರ ಯೋಜನೆ ಬದಲಿಸಿ ಸಣ್ಣ ರೈತರಿಗೂ ಟೀ ಬೆಳೆಯಲು ಬಿಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ 1964ರಲ್ಲಿ ಸಣ್ಣ ಬೆಳೆಗಾರರಿಗಾಗಿಯೇ ಕೀನ್ಯಾ ಟೀ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. 2000ದಲ್ಲಿ ಸರ್ಕಾರ ಹಿಂದೆ ಸರಿದು, ಅದು ರೈತರೇ ಷೇರುದಾರರಾದ ಕಾರ್ಖಾನೆಗಳ ಒಡೆತನಕ್ಕೆ ಬಂತು.

ಅಲ್ಲಿನ ಕೆಲಸದ ರೀತಿ ಓದಿದರೆ ನಮ್ಮ ಡೇರಿಯನ್ನೇ ನೋಡಿದ ಹಾಗೆ ಆಗುತ್ತದೆ. ಅರ್ಧ ಎಕರೆ, ಒಂದು ಎಕರೆಯ ರೈತರು. ಬೆಳಗ್ಗೆ ಎಲೆ ಕಿತ್ತು ಬುಟ್ಟಿಯಲ್ಲಿ ಹೊತ್ತು ಊರಿನ ಖರೀದಿ ಕೇಂದ್ರಕ್ಕೆ ತರುತ್ತಾರೆ. ಅಲ್ಲಿ ಎಲೆ ನೋಡಿ, ತೂಕ ಹಾಕಿ, ಚೀಟಿ ಕೊಡುತ್ತಾರೆ. ಬಲಿತ ಎಲೆ ಬೆರೆಸಿದ್ದರೆ ವಾಪಸ್. ಲಾರಿ ಬಂದು ಅದೇ ದಿನ ಕಾರ್ಖಾನೆಗೆ ಒಯ್ಯುತ್ತದೆ. ತಿಂಗಳಿಗೊಮ್ಮೆ ಕಿಲೋಗೆ ಇಷ್ಟು ಎಂದು ಒಂದು ಬಟವಾಡೆ. ವರ್ಷದ ಕೊನೆಗೆ ಟೀ ಮಾರಿದ ಲೆಕ್ಕ ನೋಡಿ, ಖರ್ಚು ಕಳೆದು, ಉಳಿದದ್ದರಲ್ಲಿ ಎರಡನೇ ಬಟವಾಡೆ. ಅದಕ್ಕೆ ಅವರೂ ‘ಬೋನಸ್’ ಅಂತಲೇ ಅನ್ನುತ್ತಾರೆ! ಆ ದುಡ್ಡಿನಲ್ಲಿ ಮಕ್ಕಳ ಶಾಲೆ ಫೀಜು, ಮನೆಗೆ ತಗಡು, ಹಸು.

ಇಂದು ಅಲ್ಲಿ 6 ಲಕ್ಷಕ್ಕೂ ಹೆಚ್ಚು ಸಣ್ಣ ರೈತರು ಈ ವ್ಯವಸ್ಥೆಯಲ್ಲಿದ್ದಾರೆ. ಕೀನ್ಯಾದ ಟೀಯಲ್ಲಿ ಅರ್ಧಕ್ಕಿಂತ ಹೆಚ್ಚು ಇವರದು. ಕಪ್ಪು ಟೀ ರಫ್ತಿನಲ್ಲಿ ಕೀನ್ಯಾ ಜಗತ್ತಿಗೇ ಮೊದಲು. ಸಣ್ಣವನ ಕೈಲಿ ಆಗುವುದಿಲ್ಲ ಎಂದವರಿಗೆ ಇದೇ ಉತ್ತರ.

ಹಾಗಂತ ಅಲ್ಲಿ ಎಲ್ಲವೂ ಸುಖವಾಗಿದೆ ಅಂತ ಅಲ್ಲ. ಬೋನಸ್ ಕಡಿಮೆ ಬಂತು, ಲೆಕ್ಕ ಸರಿಯಾಗಿ ತೋರಿಸುತ್ತಿಲ್ಲ, ಮೇಲಿನವರು ತಿನ್ನುತ್ತಿದ್ದಾರೆ ಅಂತ ರೈತರು ಹಲವು ಸಲ ರೇಗಿದ್ದಾರೆ. 2021ರಲ್ಲಿ ಸರ್ಕಾರ ಮಧ್ಯೆ ಬಂದು, ಕಾರ್ಖಾನೆಗಳಿಗೆ ಹೊಸದಾಗಿ ನಿರ್ದೇಶಕರ ಚುನಾವಣೆ ನಡೆದು, ಹಳಬರು ಹಲವರು ಮನೆಗೆ ಹೋದರು. ನಿರ್ದೇಶಕರ ಕುರ್ಚಿಯಲ್ಲಿರುವ ನನ್ನಂಥವರು ಇದನ್ನು ಎರಡು ಸಲ ಓದಬೇಕು.

ನಮ್ಮ ಪಕ್ಕದ ನೀಲಗಿರಿ

ಕೀನ್ಯಾ ದೂರವಾಯಿತು ಅನ್ನುವವರಿಗೆ ಗುಂಡ್ಲುಪೇಟೆ ದಾಟಿದರೆ ನೀಲಗಿರಿ ಇದೆ. ಅಲ್ಲಿ ಟೀ ಬೆಳೆಯುವ ಸಣ್ಣ ರೈತರಲ್ಲಿ ಬಹುಪಾಲು ಬಡಗರು. ಅವರಾಡುವ ಬಡಗ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರ. ಹಿಂದೆ ಆಲೂಗಡ್ಡೆ, ಕಿರುಧಾನ್ಯ ಬೆಳೆಯುತ್ತಿದ್ದವರು ಕ್ರಮೇಣ ಟೀಗೆ ಬಂದರು. ಕಾರ್ಖಾನೆ ಬೇರೆಯವರದಾದ್ದರಿಂದ ಅವರು ಹೇಳಿದ ಬೆಲೆಗೇ ಎಲೆ ಹಾಕಬೇಕಿತ್ತು. 1962ರಲ್ಲಿ ಕುಂದಾದಲ್ಲಿ ರೈತರ ಮೊದಲ ಸಹಕಾರಿ ಟೀ ಕಾರ್ಖಾನೆ ಎದ್ದಿತು. 1965ರಲ್ಲಿ ಇಂಥ ಕಾರ್ಖಾನೆಗಳ ಒಕ್ಕೂಟ ‘ಇಂಡ್ಕೋಸರ್ವ್’ ಆಯಿತು. ಇಂದು ಅದರಡಿ ಹದಿನೈದಕ್ಕೂ ಹೆಚ್ಚು ಕಾರ್ಖಾನೆಗಳಿವೆ, ಸುಮಾರು 30 ಸಾವಿರ ರೈತ ಸದಸ್ಯರಿದ್ದಾರೆ.

ಆದರೆ ಕಾರ್ಖಾನೆ ಇದ್ದ ಮಾತ್ರಕ್ಕೆ ಮಾರುಕಟ್ಟೆ ಕೈಗೆ ಬಂದ ಹಾಗಲ್ಲ. ನೀಲಗಿರಿಯ ಟೀಗೆ ದೊಡ್ಡ ಗಿರಾಕಿ ಸೋವಿಯತ್ ರಷ್ಯಾ. 1991ರಲ್ಲಿ ಆ ದೇಶ ಒಡೆದುಹೋಯಿತು. 1990ರ ದಶಕದ ಕೊನೆಗೆ ಹಸಿ ಎಲೆಯ ಬೆಲೆ ಪಾತಾಳಕ್ಕೆ ಇಳಿದು, ಬಡಗ ರೈತರು ಬೀದಿಗಿಳಿದು ಹೋರಾಡಿದರು. ಎಲೆ ಕೀಳುವ ಕೂಲಿಯೂ ಹುಟ್ಟದ ದಿನಗಳವು. ಆಮೇಲೆ ಸಹಕಾರಿ ಕಾರ್ಖಾನೆಗಳ ಟೀಯನ್ನು ‘ಊಟಿ ಟೀ’ ಎಂಬ ಹೆಸರಿನಲ್ಲಿ ಪೊಟ್ಟಣ ಕಟ್ಟಿ ತಮಿಳುನಾಡಿನ ರೇಷನ್ ಅಂಗಡಿಗಳಲ್ಲಿ ಮಾರುವ ದಾರಿ ಮಾಡಿದರು. ಕಷ್ಟ ಪೂರ್ತಿ ತೀರಿಲ್ಲ. ಇಂದು ಭಾರತದ ಟೀಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವವರು ಸಣ್ಣ ರೈತರು. ಅವರಲ್ಲಿ ಬಹಳ ಮಂದಿಗೆ ಸ್ವಂತ ಕಾರ್ಖಾನೆಯಿಲ್ಲ. ಎಲೆಗೆ ಇಂದು ಎಷ್ಟು ಬೆಲೆ ಎಂಬುದನ್ನು ಕೊಳ್ಳುವವರ ಬಾಯಲ್ಲೇ ಕೇಳಬೇಕು.

ನಮ್ಮ ಲೆಕ್ಕ

ಇಷ್ಟು ದೂರ ಸುತ್ತಿ ಬಂದದ್ದಕ್ಕೆ ಒಂದು ಕಾರಣವಿದೆ. ನಮ್ಮ ರಾಜ್ಯ ಸಹಕಾರಕ್ಕೆ ಹೊಸದಲ್ಲ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಹಾಲಿನ ಸಂಘ ಮಾಡಿ ದಾರಿ ತೋರಿಸಿದರು. 1974ರಲ್ಲಿ ನಮ್ಮಲ್ಲಿ ಹೈನುಗಾರಿಕೆ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಆ ಮರದ ಒಂದು ಕೊಂಬೆ ನಮ್ಮ ಸಂಘ.

ಸಂಘ ಇಲ್ಲದ ಕಾಲದಲ್ಲಿ ಹಾಲಿಗೆ ವರ್ತನೆ ಹಾಕಿಸಿಕೊಂಡವರು ಕೊಟ್ಟಷ್ಟೇ ದುಡ್ಡು. ಮದುವೆ ಕಾಲದಲ್ಲಿ ಬೇಕು ಬೇಕು ಅನ್ನುವರು, ಮಳೆಗಾಲದಲ್ಲಿ ಹಾಲು ಹೆಚ್ಚಾದರೆ ಬೇಡ ಅನ್ನುವರು. ಬೇಡವೆಂದರೆ ಹಾಲನ್ನು ಏನು ಮಾಡುವುದು? ಮುಂಗಡ ಈಸಿಕೊಂಡಿದ್ದರಂತೂ ಬಾಯಿ ಬಿಡುವ ಹಾಗೇ ಇಲ್ಲ. ಬಿಹಾರದ ಅಫೀಮು ರೈತನಿಗೂ, ನೀಲಗಿರಿಯ ಎಲೆ ರೈತನಿಗೂ, ನಮ್ಮ ಹಿರಿಯರಿಗೂ ಕಟ್ಟಿದ ಹಗ್ಗ ಒಂದೇ. ಇಂದು ನಾವು ಹಾಕುವ ಹಾಲಿಗೆ ಅಳತೆ ಇದೆ, ಫ್ಯಾಟ್ ನೋಡುವ ಯಂತ್ರ ಇದೆ, ಚೀಟಿ ಇದೆ, ಬಟವಾಡೆ ದಿನ ಇದೆ. ಇವೆಲ್ಲ ತಾನಾಗಿ ಬಂದವಲ್ಲ ಎಂಬುದನ್ನು ಈಗಿನ ಹುಡುಗರು ತಿಳಿಯಬೇಕು.

ಸದಸ್ಯರಲ್ಲಿ ನನ್ನದು ಮೂರು ಬಿನ್ನಹ. ಒಂದು, ಹಾಲಿಗೆ ನೀರು ಬೆರೆಸಬೇಡಿ. ಕೀನ್ಯಾದಲ್ಲಿ ಬಲಿತ ಎಲೆ ವಾಪಸ್ ಕಳುಹಿಸುವುದರಿಂದಲೇ ಅವರ ಟೀಗೆ ಹೆಸರು ಬಂದದ್ದು. ಎರಡು, ಹೊರಗಿನವರು ನಾಲ್ಕು ದಿನ ಒಂದು ರೂಪಾಯಿ ಹೆಚ್ಚು ಕೊಟ್ಟರು ಅಂತ ಸಂಘ ಬಿಟ್ಟು ಹಾಲು ಹಾಕಬೇಡಿ. ಸಂಘ ಮುಚ್ಚಿದ ಮರುದಿನ ಅವರು ಎಷ್ಟು ಕೊಡುತ್ತಾರೆ ಎಂಬುದನ್ನು ಟೀ ಚರಿತ್ರೆ ಹೇಳುತ್ತದೆ. ಮೂರು, ವಾರ್ಷಿಕ ಮಹಾಸಭೆಗೆ ಬನ್ನಿ, ಲೆಕ್ಕ ಕೇಳಿ, ನಿರ್ದೇಶಕರಾದ ನಮ್ಮನ್ನು ಪ್ರಶ್ನೆ ಮಾಡಿ. ಊಟದ ಹೊತ್ತಿಗೆ ಬಂದು ಸಹಿ ಹಾಕಿ ಹೋದರೆ ಸಂಘ ಉಳಿಯುವುದಿಲ್ಲ.

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದಾರೆ.  ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ ಈ ಲೇಖನ ಮುಗಿಸುತ್ತೇನೆ.

ಜೈ ಸಹಕಾರ.